ಕೊಂಬು

ಆ ಆಷಾಢದಾಗ ಮದಿವಿ ಪತ್ರಿಕಾ ಇರಲಿಲ್ಲ.
ಉಳ್ಳಾಗಡ್ಡಿ ದಲಾಲರ ಪಾವತಿ ಬುಕ್ಕೂ ಮುಗದಿದ್ವು.
ಬೆಟಗೇರಿಯ ತುಳಜಾಸಾ ಅವರ ಪ್ರೆಸ್ಸಿಗೆ
ಧಾರವಾಡದಿಂದ ಕೆಂಪು ದಾರ ಸುತ್ತಿದ ಕಟ್ಟು ಬಂತು:
ಬಿ.ಎ. ಎರಡನೇ ವರ್ಷಕ್ಕ, ಆಫ್ರಿಕಾದ ಇತಿಹಾಸ.
ಬರದವರು ಪ್ರೊಫೆಸರ್ ಹೊಂಬಳ.
ಜೋಡಿಸಾಂವ ನಾ, ದಾವಲಸಾಬ ನದಾಫ.

ಅಕ್ಷರ ನನಗ ತಲಿಕೆಳಗಾಗೇ ಓದಾಕ ಬರತೈತಿ.
ಹಂಗಾಗಿ ಯಾರ ಗೆಲುವೂ ನೆಟ್ಟಗ ಕಂಡಿಲ್ಲ.

ಮೂರನೇ ಪುಟಕ್ಕ ಕೊಂಬು ಮುಗದ್ವು.
ಜುಲು, ಜುಲು, ಜುಲು,
ಹೆಸರೊಂದಕ್ಕ ಎರಡೆರಡು ಕೊಂಬು.
ಕೇಸಿನ ಆ ಖಾನೆ ಬಳದಿಟ್ಟ ಹಗೇವಿನಂಗಾತು.
ಹಳೇ ಫಾರಮು ಬಿಚ್ಚಿ
ಕುರುಹಿನಶೆಟ್ಟಿಯಿಂದ ಎರಡು,
ಶುಭವಿವಾಹದಿಂದ ಒಂದು ಕಿತ್ತೆ.

ದೊಡ್ಡ ಕಾಳಗಕ್ಕ ಹದಿನಾಕು ಪಾಯಿಂಟು.
ಉಳದವು ಅಡಿಟಿಪ್ಪಣಿ, ಹತ್ತರಾಗ.

ಹ್ಲೊಬಾನೆ ಅನ್ನೋದೊಂದು ಗುಡ್ಡ.
ಹಕಾರದ ಕಾಲಿಗೆ ಲಕಾರದ ಒತ್ತು ಬೇಕು.
ಆ ಒತ್ತು ನಮ್ಮಲ್ಲಿ
ಇಲ್ಲ, ಅಲ್ಲ, ಒಲ್ಲೆ ಅಂದೂ ಅಂದೂ ಸವದದ್ದು.
ಕುಂಡ್ರಿಸಿದೆ. ಕುಂತಿತು.

ಗಿಂಗಿಂಡ್ಲೋವು.
ಆನಿ ನುಂಗಿದಾಂವ ಅಂತ ಅರ್ಥವಂತ.
ಆನಿ ನುಂಗಿದಾಂವನ್ನ ಎರಡು ಸಾಲಿನಾಗ ಹಿಡಿಸಬೇಕಿತ್ತು.

ಇಂಟೋಂಬೆ:
ಹೊಳಿ ಬಂದೈತಿ, ಚಕ್ಕಡಿ ಕೆಲವು ಈಚಿ ದಂಡಿಗೆ, ಕೆಲವು ಆಚಿಗೆ.
ನಸಿಕಿನ ಮಂಜು. ಡೇರೆದಾಗ ನಿದ್ದಿ.
ಮುಂದಿಂದನ್ನ ಸರ್ ಒಂದ ಸಾಲಿನಾಗ ಮುಗಿಸಿದ್ರು.
ಆ ಸಾಲಿನ ಮ್ಯಾಲೊಂದು ಕೆಳಗೊಂದು ತೆಳು ಲೆಡ್ಡು ಹಾಕಿದೆ,
ಯಾರನ್ನೂ ಕೇಳದ.
ಹೊಳಿಗೆ ಜಾಗ ಬೇಕಲ್ಲ.

ನ್ಯೆಜಾನೆಯದು ಬ್ಯಾರೆ ಕಥಿ. ಅವತ್ತ, ಅದ ದಿವಸ,
ಇನ್ನೊಂದು ಕಡೆ ಬಿಳಿ ದಂಡಿಗೆ ದೊಡ್ಡ ಸೋಲು.
ಒಂದ ದಿನ ಓಣ್ಯಾಗ ಎರಡು ಹೆಣ ಎದ್ದರ
ಒಂದಕ್ಕ ಹಲಗಿ ಸಿಗೂದಿಲ್ಲ.

ಜುಲು ದಂಡು ಕಾಡಕ್ವಾಣದಂಗ ಬರತಿತ್ತಂತ:
ನಡುವ ಎದಿ, ಎಡಕ್ಕೊಂದು ಬಲಕ್ಕೊಂದು ಕೊಂಬು,
ಕೊಂಬೆರಡೂ ಸುತ್ತಿ ಬಂದು ಕೂಡಿದ್ರ ಒಳಗಿದ್ದಾಂವ ಉಳದಂಗಿಲ್ಲ.
ಇದನ್ನ ಜೋಡಿಸೂವಾಗ ಸುಮ್ಮನ ಜೋಡಿಸಿದೆ.

ಇಂಗ್ಲೀಷರು ಸತ್ತಲ್ಲಿ
ಹೆಸರು, ಹುದ್ದೆ, ಪಲಟಣಿನ ನಂಬರ.
ಜುಲು ಮಂದಿ ಸತ್ತಲ್ಲಿ ಒಂದ ಶಬ್ದ:
ಸುಮಾರು.
ಸುಮಾರು ಎಂಟನೂರು. ಸುಮಾರು ಸಾವಿರ.
ಹನ್ನೊಂದನೇ ಸಲ ಆ ಶಬ್ದ ಸ್ಟಿಕ್ಕಿಗೆ ಏರಿಸೂವಾಗ
ಕೈ ನಿಂತಿತು.
ಸು. ಮಾ. ರು.
ನಡುವ ಎದಿ. ಎರಡೂ ಕಡೆ ಕೊಂಬು.
ಪೂರಾ ದಂಡು ನನ್ನ ಎಡಗೈಯಾಗ ಬಂದು ನಿಂತಿತ್ತು.

ನಮ್ಮಜ್ಜಿ ಹೇಳತಿದ್ದಳು:
ನರಗುಂದದ ಗದ್ದಲದ ವರ್ಷ ನಮ್ಮ ಮನಿತನದಾಗ ಒಬ್ಬಾಂವ
ಹತ್ತಿ ಹಿಂಜೂ ಬಿಲ್ಲು ಗ್ವಾಡಿಗೆ ತೂಗು ಹಾಕಿ ಹ್ವಾದ.
ಬರಲಿಲ್ಲ.
ಹೆಸರು ಆಕಿಗೂ ಗೊತ್ತಿರಲಿಲ್ಲ. ಗಿಡ್ಡ ಇದ್ದನಂತ, ಅಷ್ಟ.
ಯಾವುದರೆ ಸರಕಾರಿ ಬುಕ್ಕಿನ ಸುಮಾರಿನಾಗ
ಅವನೂ ನಿಂತಿರಬೇಕು,
ಎಡಗೊಂಬಿನಾಗೋ, ಬಲಕ್ಕೋ.

ಗುಂಡೂ ಸೀಸ, ಅಕ್ಷರಾನೂ ಸೀಸ.
ಸಂಜಿಗೆ ಸಬಕಾರ ಹಚ್ಚಿ ತೊಳಕೊಂಡು
ಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ಳಾಂವ ನಾ.
ಹೆಚ್ಚಿಗೆ ಮಾತಾಡಬಾರದು.

ಪ್ರೂಫು ತಿರುಗಿ ಬಂತು, ಅಂಚಿನಾಗ ಕೆಂಪು ಶಾಯಿ:
“ಪುಟಮಿತಿ ಮೀರಿದೆ. ಸಣ್ಣ ಕದನಗಳನ್ನು ಕೈಬಿಡುವುದು.”
ಹೊಂಬಳ ಸರ್ ಕೆಟ್ಟವರಲ್ಲ.
ಕಾಗದದ ರೇಟು ಹಂಗಿತ್ತು.

ಬಿಚ್ಚಿದೆ.
ಹ್ಲೊಬಾನೆಯ ಒತ್ತು ತಿರುಗಿ ‘ಇಲ್ಲ’ದ ಖಾನೆಗೆ.
ಕೊಂಬೆಲ್ಲ ಕೊಂಬಿನ ಖಾನೆಗೆ, ಟಿಣ್, ಟಿಣ್.
ಹೊಳಿಗೆ ಕೊಟ್ಟ ಲೆಡ್ಡು ಎರಡೂ ಡಬ್ಬಿಗೆ.
ಶ್ರಾವಣ ಬಂದಿತ್ತು, ಮದಿವಿ ಪತ್ರಿಕಾ ಸುರು.

ಶನಿವಾರ ತುಳಜಾಸಾ ಪಗಾರದ ವಹಿ ತಗದ್ರು.
ಎಷ್ಟು ಸಾಲು ಹ್ವಾದ್ವು, ದಾವಲ?
ಸುಮಾರು, ಅಂದೆ,
ಅಂದಾಂವ ಅಲ್ಲೇ ನಿಂತೆ.
ಒಳಗ ಹೋಗಿ ಗ್ಯಾಲಿ ಪ್ರೂಫು ಹುಡುಕಿ ತಂದು
ಬೆರಳಿಟ್ಟು ಎಣಿಸಿದೆ, ಎರಡು ಸಲ.
ಅರವತ್ತಮೂರು, ಅಂದೆ.

ಅವರು ಅರವತ್ತು ಬರಕೊಂಡ್ರು.